ಮೂಗಿಲ್ಲದ ಮಾತು

ಮುನಿರಾಬಾದಿನ ತರಬೇತಿ ಹಾಲಿನಲ್ಲಿ, ಊಟಕ್ಕೆ ಮುಂಚಿನ ಅವಧಿ,
ಗೋಡೆಯ ಮೇಲೆ ನಕಾಶೆ ಬಿತ್ತು:
ಅಮೆರಿಕದ ವಾಯವ್ಯ ಮೂಲೆ, ನೆಲ ಮುಗಿಯುವ ತುದಿ.
ಅಲ್ಲಿ ಮಕಾ ಅಂತ ಒಂದು ಜನ, ಎಂದರು ಸಂಪನ್ಮೂಲ ವ್ಯಕ್ತಿ,
ಮರ ಕೊರೆದ ದೋಣಿಯಲ್ಲಿ ತಿಮಿಂಗಿಲದ ಬೆನ್ನು ಹತ್ತಿದವರು.
ಅವರ ನುಡಿಯಲ್ಲಿ ಮ ಇಲ್ಲ, ನ ಇಲ್ಲ.
ಎಂದೋ ಇದ್ದವಂತೆ. ಮ ಸವೆದು ಬ ಆಯಿತು,
ನ ಸವೆದು ದ.

ಹಿಂದಿನ ಬೆಂಚಿನಿಂದ ಯಾರೋ: ಊರಿಗೆ ಊರೇ ನೆಗಡಿ!
ಎಲ್ಲರೂ ನಕ್ಕರು. ನಾನೂ.

ಆಮೇಲೆ ಸೆರಗಿನ ಮರೆಯಲ್ಲಿ ಮೂಗು ಹಿಡಿದು
ಒಂದೊಂದೇ ಅಂದು ನೋಡಿದೆ.
ನೀರು, ದೀರು.
ಮೀನು, ಬೀದು.
ಅಮ್ಮ ಅನ್ನಹೋದರೆ ಅಬ್ಬಾ ಎಂದಿತು ಬಾಯಿ,
ಏನೋ ಕಂಡು ಬೆರಗಾದ ಹಾಗೆ.
ತುಂಗಭದ್ರಾ ಅಂದೆ: ತುಂಗೆಯ ಸೊನ್ನೆ
ಗಂಟಲಲ್ಲಿ ಸಿಕ್ಕಿಕೊಂಡಿತು,
ಭದ್ರೆ ಮಾತ್ರ ಭದ್ರವಾಗಿ ದಾಟಿದಳು.
ನಾನು ಎಂಬುದಂತೂ ದಾದು ಆಗಿ
ಯಾರದೋ ಮನೆಯ ಕೂಸಿನ ಹೆಸರಾಯಿತು.

ನೆಗಡಿಯಲ್ಲ ಅದು. ಮೂಗಿಲ್ಲದ ಮಾತು,
ಮೂಗಿ ಅಲ್ಲ.
ಅದರಲ್ಲೇ ಜಗಳಾಡಿದ್ದಾರೆ, ಹೆತ್ತಿದ್ದಾರೆ, ತಿಮಿಂಗಿಲವನ್ನು ಕರೆದಿದ್ದಾರೆ.

ಇನ್ನೊಂದು ಹೇಳಿದರು, ಹೊಟ್ಟೆಯೊಳಗೆ ಇಳಿದದ್ದು:
ಮಕಾ ಎಂಬ ಹೆಸರೇ ನೆರೆಯವರದು,
ಉಣ್ಣಿಸುವಾಗ ಕೈ ಬಿಗಿ ಹಿಡಿಯದವರು ಅಂತ.
ಕರಾರು ಪತ್ರದಲ್ಲಿ ಸರ್ಕಾರ ಅದನ್ನೇ ಬರೆಯಿತು.
ತಮ್ಮ ನಾಲಿಗೆಯಲ್ಲಿಲ್ಲದ ಅಕ್ಷರದಿಂದ
ಶುರುವಾಗುವ ಹೆಸರು ಹೊತ್ತು ತಿರುಗುವ ಜನ!
ತಮ್ಮನ್ನು ತಾವು ಅವರು ಕರೆದುಕೊಳ್ಳುವುದು ಬೇರೆ:
ಬಂಡೆಗಳ ಬಳಿ, ಕಡಲಹಕ್ಕಿಗಳ ಬಳಿ ಇರುವವರು.

ಕಿಟಕಿಯಾಚೆ ನಮ್ಮ ಬಂಡೆಗಳು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದವು,
ಒಂದರ ಮೇಲೊಂದು, ಬೀಳುವಂತೆ, ಬೀಳದೆ.
ಡ್ಯಾಮಿನ ಕಡೆಯಿಂದ ಬೆಳ್ಳಕ್ಕಿ.
ನಮ್ಮನ್ನೂ ಊರವರು ಶಿಳ್ಳೇಕ್ಯಾತರು ಅಂತಾರೆ.
ನಾವು ಅಂದುಕೊಳ್ಳುವುದು ಬೇರೆ.
ಇಲ್ಲಿ ಬರೆಯುವುದಿಲ್ಲ.

ಅಪ್ಪ ಯಂಕೋಬ ಹರಗೋಲು ತಿರುಗಿಸುತ್ತ
ಗುತ್ತಿಗೆದಾರನ ಜೊತೆ ತೆಲುಗು, ಗಿರಾಕಿಗೆ ಕನ್ನಡ.
ಮನೆಯ ಮಾತು ಆಡುತ್ತಿದ್ದುದು ಬಲೆಯ ಹತ್ತಿರ ಮಾತ್ರ,
ಅದೂ ಬಲೆ ಹರಿದಾಗ.
ನನ್ನ ದಾಖಲಾತಿಯ ದಿನ ಹೆಡ್‌ಮಾಸ್ತರರು ಕೇಳಲಿಲ್ಲ:
ಮಾತೃಭಾಷೆ, ಕನ್ನಡ. ಗೆರೆ. ಸಹಿ.
ಸುಳ್ಳೂ ಅಲ್ಲ. ಕನ್ನಡ ನನಗೆ ಅನ್ನ ಹಾಕಿತು,
ನ್ನ ಎಂಬ ಒತ್ತಕ್ಷರ ಸಮೇತ.

ಆ ಜನರ ಹಳೆಯ ಊರೊಂದು ಕೆಸರಿನಡಿ ಹೂತಿತ್ತಂತೆ.
ನೂರಾರು ವರ್ಷದ ಮೇಲೆ ಅಲೆ ಬಂದು ದಂಡೆ ಕೆರೆಯಿತು:
ಬುಟ್ಟಿ, ಗಾಳ, ನೀರುನಾಯಿಯ ಹಲ್ಲು ಕೂರಿಸಿದ ಮರದ ರೆಕ್ಕೆ.
ಯಾವುದು ಏನೆಂದು ತೋರಿಸಿದವರು ಮುದುಕರು,
ಮಕ್ಕಳಾಗಿದ್ದಾಗ ಮನೆಮಾತಿಗೆ ಶಾಲೆಯಲ್ಲಿ ಪೆಟ್ಟು ತಿಂದವರೂ ಇದ್ದರು.
ಅದನ್ನು ತಾಯ ಮಡಿಲಲ್ಲೇ ಕಲಿತಿದ್ದ ಕೊನೆಯ ಹೆಂಗಸು
ನೂರು ತುಂಬಿಸಿ ಹೋದಳು.
ಈಗ ಮಕ್ಕಳಿಗೆ ಅದು ಶಾಲೆಯ ಪಾಠ.

ಗಾಳೆವ್ವತ್ತೆ ನೆನಪಾದಳು. ಏಪ್ರಿಲಿನಲ್ಲಿ ಹಿನ್ನೀರು ಇಳಿದು
ಮುಳುಗಿದ ಊರಿನ ಒರಳು, ಬಾನಿಯ ಬಾಯಿ
ಬಿರಿದ ರೇವೆಯಲ್ಲಿ ಎದ್ದಾಗ
ಒಂದೊಂದಕ್ಕೂ ನಮ್ಮ ಮಾತಿನ ಹೆಸರು ಹೇಳುತ್ತ ನಡೆಯುವಳು.
ನಾನು ಹೂಂ ಅನ್ನುತ್ತ ಮೊಬೈಲು ನೋಡುತ್ತಿದ್ದೆ.

ಮರುದಿನ ಹಾಜರಿ. ದುರ್ಗೇಶನಿಗೆ ನಿಜವಾಗಿ ನೆಗಡಿ,
ಮೇಡಂ ಅನ್ನಹೋಗಿ ಬೇಡ ಅಂದ.
ತರಗತಿ ಗೊಳ್ಳೆಂದಿತು.
ಬೇಡ, ದೀರು ಕುಡಿಯಾಕ ಹೋಗಲೇದ್ರಿ?
ನಮ್ಮ ಓಣಿಯ ಹುಡುಗ, ಬಲೆ ಹೆಣೆಯುವವರ ಮನೆಯವನು.
ಬಗ್ಗಿ, ಯಾರಿಗೂ ಕೇಳದಷ್ಟು ಸಣ್ಣಗೆ,
ಪಾಣಿ ಪೀ, ಜಾ, ಅಂದೆ.

ಹುಡುಗ ಕದಲಲಿಲ್ಲ.
ಮೊದಲು ನನ್ನ ಬಾಯಿ ನೋಡಿದ,
ಆಮೇಲೆ ಬಾಗಿಲು,
ಯಾರಾದರೂ ಕೇಳಿಸಿಕೊಂಡರೇನೋ ಅಂತ.